ಸ್ಕಿಜೋಫ್ರೇನಿಯಾ ಇರುವ ಅಣ್ಣ ನ್ಯುಮೋನಿಯಾಗೆ ಅಡ್ಮಿಟ್ ಆದಾಗ
ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ, ಈಗ ನ್ಯುಮೋನಿಯಾಗೆ ಅಡ್ಮಿಟ್ ಆಗಿದ್ದಾರೆ, ಅಪಾಯ ಜಾಸ್ತಿನಾ ಅಂತ ಕೇಳಿದ್ದೀರಿ. ಹೌದು, ಜಾಸ್ತಿನೇ. ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೂ ಹೆಚ್ಚಾಗಿ ದೇಹದ ಕಾಯಿಲೆಗಳಿಂದ, ತಡೆಯಬಹುದಾದವುಗಳಿಂದ. ಸಂಕಟ ಆಗುವುದು ಅದಕ್ಕೇ ಅಲ್ವಾ?

ಅಣ್ಣ "ಎದೆ ಹಿಡಿದುಕೊಂಡಿದೆ" ಅಂದರೆ, ಮಾನಸಿಕ ಕಾಯಿಲೆ ಇದೆಯಲ್ಲ ಅಂತ ಆಸ್ಪತ್ರೆಯವರು "ಸುಮ್ನೆ ಗಾಬರಿ" ಅಂತ ತಳ್ಳಿಹಾಕುವುದುಂಟು. ಒಪ್ಪಬೇಡಿ, ಪರೀಕ್ಷೆ ಮಾಡಿ ಅಂತ ಕೇಳಿ.

ಮಾತ್ರೆಗಳ ಪಟ್ಟಿಯನ್ನು ವಾರ್ಡಿನ ಡಾಕ್ಟರ ಕೈಗೇ ಕೊಡಿ. ಅದರಲ್ಲಿ ಕ್ಲೋಜಪೈನ್ (ಸ್ಕಿಜೋಫ್ರೇನಿಯಾಗೆ ಕೊಡುವ ಒಂದು ಮಾತ್ರೆ) ಇದ್ದರೆ ಎರಡು ಸಲ ಹೇಳಿ. 48 ಗಂಟೆಗಿಂತ ಜಾಸ್ತಿ ತಪ್ಪಿದರೆ ಹಳೇ ಡೋಸ್ ನೇರವಾಗಿ ಕೊಡುವಂತಿಲ್ಲ, ಕಡಿಮೆಯಿಂದ ಶುರು ಮಾಡಬೇಕು. ಸೋಂಕು ಇದ್ದಾಗ, ಸಿಗರೇಟು ಥಟ್ಟನೆ ನಿಂತಾಗ ರಕ್ತದಲ್ಲಿ ಅದರ ಮಟ್ಟ ಏರಬಹುದು. ಈ ಮಾತ್ರೆ ತಗೊಳ್ಳುವಾಗ ಮಲಬದ್ಧತೆ ಆದರೂ ಡಾಕ್ಟರಿಗೆ ತಕ್ಷಣ ತಿಳಿಸಿ.