ಪಿಸಿಎಂಬಿ ಉಳಿಯಿತು, ಜೆಇಇ ಹೋಯಿತು

(ಗುರುತು ಸಿಗದಂತೆ ಹೆಸರು, ಮನೆಯ ವಿವರ ಮತ್ತು ಅಂಕಗಳನ್ನು ಬದಲಿಸಿದ್ದೇನೆ. ಬರೆಯಲು ವಿದ್ಯಾರ್ಥಿನಿ ಮತ್ತು ಅವಳ ತಂದೆಯ ಒಪ್ಪಿಗೆ ಇದೆ.)

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ. ಗೀತಾ ಎನ್ನೋಣ. ಹದಿನಾರು ವರ್ಷ. ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 581 ಅಂಕ ಪಡೆದು, ಚಿಕ್ಕಬಳ್ಳಾಪುರದ ಖಾಸಗಿ ಪದವಿಪೂರ್ವ ಕಾಲೇಜಿನಲ್ಲಿ ಪಿಸಿಎಂಬಿಗೆ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಸೇರಿದ್ದಳು. ಮನೆಮಾತು ತೆಲುಗು. ಎರಡು ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಜುಲೈ ಕೊನೆಯಲ್ಲಿ ಅವಳ ಉಪನ್ಯಾಸಕರೊಬ್ಬರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕಳುಹಿಸಿದರು. ಜೊತೆಗಿದ್ದ ಚೀಟಿಯಲ್ಲಿ ಒಂದೇ ಸಾಲು: ‘ವಿಜ್ಞಾನ ಇವಳಿಗೆ ಭಾರ. ಕಲಾ ವಿಭಾಗಕ್ಕೆ ಹೋಗಲು ಒಪ್ಪಿಸಿ.’

ಇಂಥ ಚೀಟಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇತಿಹಾಸ, ಅರ್ಥಶಾಸ್ತ್ರ ಓದಲು ಆಸೆಪಟ್ಟು ಬರುವ ಮಕ್ಕಳಿದ್ದಾರೆ. ಭೌತಶಾಸ್ತ್ರದಲ್ಲಿ ಅಂಕ ಬಾರದವರನ್ನು ಸಾಗಹಾಕಲು ಕಲಾ ವಿಭಾಗ ಇರುವುದಲ್ಲ. ಆದರೆ ಆ ಉಪನ್ಯಾಸಕರು ಕಂಡದ್ದು ಸುಳ್ಳಾಗಿರಲಿಲ್ಲ. ಮೊದಲ ಕಿರು ಪರೀಕ್ಷೆಯಲ್ಲಿ 50ಕ್ಕೆ ಜೀವಶಾಸ್ತ್ರ 37, ಗಣಿತ 24, ರಸಾಯನಶಾಸ್ತ್ರ 21, ಸಂಸ್ಕೃತ 13, ಭೌತಶಾಸ್ತ್ರ 9. ತರಗತಿಯಲ್ಲಿ ಮಾತು ನಿಂತಿತ್ತು. ದಿನವೂ ತಲೆನೋವು.

ಮೊದಲ ಭೇಟಿಯಲ್ಲಿ ಓದಿನ ಮಾತೇ ಹೆಚ್ಚು ಆಡಲಿಲ್ಲ. ನಿದ್ದೆ, ಊಟ, ಅಳು, ಬದುಕೇ ಬೇಡ ಅನ್ನಿಸಿದ್ದುಂಟೇ ಎಂಬುದನ್ನು ನೇರವಾಗಿಯೇ ಕೇಳಿದೆ. ಹಾಗೇನೂ ಅನ್ನಿಸಿಲ್ಲ ಎಂದಳು. ಆದರೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವಳ ಪುಸ್ತಕದ ಹಿಂದಿನ ಪುಟದಲ್ಲಿ ಬರೆಸಿದೆ. ತಲೆನೋವಿಗೆ ಕಣ್ಣಿನ ಪರೀಕ್ಷೆ ಮಾಡಿಸಲು ಹೇಳಿದೆ. ಕನ್ನಡಕ ಬಂತು, ನೋವು ಅರ್ಧದಷ್ಟು ಇಳಿಯಿತು. ಉಳಿದರ್ಧದ ಮೂಲ ಬೇರೆಡೆ ಇತ್ತು.

ಒಂದು ವಾರದ ದಿನಚರಿಯನ್ನು ಗಂಟೆ ಗಂಟೆಯಾಗಿ ಬರೆದು ತರಲು ಹೇಳಿದ್ದೆ. ಅವಳು ತಂದ ಹಾಳೆಯಲ್ಲಿ ಎಲ್ಲವೂ ಇತ್ತು. ಬೆಳಿಗ್ಗೆ ಆರೂಕಾಲಿಗೆ ಬಸ್ಸು. ಏಳೂವರೆಗೆ ವೈದ್ಯಕೀಯ ಪ್ರವೇಶದ ನೀಟ್ ಕೋಚಿಂಗ್, ಆಮೇಲೆ ಕಾಲೇಜು, ಮಧ್ಯಾಹ್ನದ ಮೇಲೆ ಎಂಜಿನಿಯರಿಂಗ್ ಪ್ರವೇಶದ ಜೆಇಇಗೆ ಗಣಿತ ಮತ್ತು ಭೌತಶಾಸ್ತ್ರ, ಐದೂವರೆಗೆ ಬಿಡುಗಡೆ. ಮನೆ ಮುಟ್ಟುವಾಗ ಏಳು. ಪಾಠ ಕೇಳುವುದಕ್ಕೆ ದಿನಕ್ಕೆ ಒಂಬತ್ತು ಗಂಟೆ ಹೋಗುತ್ತಿತ್ತು. ತಾನೇ ಕೂತು ಲೆಕ್ಕ ಬಿಡಿಸಲು ಒಂದೂವರೆ ಗಂಟೆಯೂ ಸಿಗುತ್ತಿರಲಿಲ್ಲ. ಹುಳು ನಾಲ್ಕನೇ ಜ್ವರದಿಂದ (ಕೊನೆಯ ಬಾರಿ ಪೊರೆ ಕಳಚುವ ಹಂತ) ಎದ್ದ ಮೇಲೆ ಅದೂ ಇಲ್ಲ. ರೇಷ್ಮೆ ಮನೆಗಳಲ್ಲಿ ಆ ಒಂದು ವಾರ ಎಂಥದ್ದೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಸಾಕಣೆಯ ಇಡೀ ಅವಧಿಯಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಹುಳುಗಳು ಆ ದಿನಗಳಲ್ಲೇ ತಿನ್ನುತ್ತವೆ. ಮನೆಮಂದಿಯೆಲ್ಲ ಸೊಪ್ಪು ಕೊಯ್ಯಬೇಕು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು.

‘ಇದರಲ್ಲಿ ಯಾವುದನ್ನು ಯಾರು ಆರಿಸಿದರು?’ ಎಂದು ಕೇಳಿದೆ. ಹಾಳೆಯ ಅಂಚಿನಲ್ಲಿ ಒಂದೊಂದರ ಎದುರೂ ಹೆಸರು ಬರೆದಳು. ನೀಟ್: ಅಪ್ಪ. ಜೆಇಇ: ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿರುವ ಸೋದರಮಾವ. ಸಂಸ್ಕೃತ: ಪ್ರವೇಶದ ದಿನ ಮೇಜಿನ ಹಿಂದೆ ಕೂತಿದ್ದವರು, ‘ಅಂಕ ಬರುತ್ತದೆ’ ಎಂದು. ಜೀವಶಾಸ್ತ್ರದ ಎದುರು ಮಾತ್ರ ‘ನಾನು’ ಎಂದಿತ್ತು. ಯಾಕೆ ಎಂದು ಕೇಳಿದಾಗ ಅವಳ ಬಾಯಿ ಬಿಚ್ಚಿತು. ಸುಣ್ಣಕಟ್ಟು ರೋಗ ಶಿಲೀಂಧ್ರದಿಂದ, ಹಾಲು ರೋಗ ವೈರಸ್ಸಿನಿಂದ ಬರುವುದೆಂದೂ, ಗಂಟು ರೋಗ ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುವುದೆಂದೂ ಹೇಳುತ್ತಾ ಹೋದಳು. ನಾನು ಸುಮ್ಮನೆ ಕೇಳಿಸಿಕೊಂಡೆ.

ಭೌತಶಾಸ್ತ್ರದ 9 ಅಂಕದ ಗುಟ್ಟೂ ಅಂದೇ ರಟ್ಟಾಯಿತು. ಆ ಪ್ರಶ್ನೆಪತ್ರಿಕೆಯನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. ತಪ್ಪಿದ್ದ ಲೆಕ್ಕಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅಲ್ಲೇ ಬಿಡಿಸಿದಳು. ಬರದೆ ಇದ್ದದ್ದು ಇಂಗ್ಲಿಷಿನ ಪ್ರಶ್ನೆಯನ್ನು ಓದಿ ಅರ್ಥಮಾಡಿಕೊಳ್ಳುವುದು. ಮನೆಯಲ್ಲಿ ತೆಲುಗು, ಹತ್ತು ವರ್ಷ ಶಾಲೆಯಲ್ಲಿ ಕನ್ನಡ, ಈಗ ಒಮ್ಮೆಗೇ ನಾಲ್ಕು ವಿಜ್ಞಾನ ವಿಷಯಗಳಿಗೆ ಇಂಗ್ಲಿಷ್. ಅದರ ಮೇಲೆ ಹಿಂದೆಂದೂ ಓದದ ಸಂಸ್ಕೃತ. ಹೊರೆ ಹೆಚ್ಚಾಗಿದೆ ಎಂಬ ದೂರು ನಿಜ. ಯಾವ ವಿಷಯ ಬಿಡಬೇಕೆಂದು ಎಲ್ಲರೂ ಹುಡುಕುತ್ತಿದ್ದರು, ಆದರೆ ಅಂಕಪಟ್ಟಿಯಲ್ಲಿರುವ ಆರು ವಿಷಯಗಳು ಪಿಯುಸಿಯ ಯಾವ ವಿಭಾಗದಲ್ಲೂ ಆರೇ. ಇವಳನ್ನು ಕುಗ್ಗಿಸಿದ್ದು ಅಂಕಪಟ್ಟಿಯ ಹೊರಗಿನ ಹೇರಿಕೆ.

ಮುಂದಿನ ಭೇಟಿಗೆ ತಂದೆ ಬಂದರು. ಹೊಲದಿಂದ ನೇರವಾಗಿ ಬಂದಿದ್ದರು, ಕೂರಲು ಹಿಂಜರಿದರು. ‘ಎರಡೂ ಕಡೆ ಬಾಗಿಲು ತೆಗೆದಿರಲಿ ಅಂತ ಮೇಡಂ. ಡಾಕ್ಟರ್ ಆಗದಿದ್ದರೆ ಎಂಜಿನಿಯರ್. ಮುದ್ದೇನಹಳ್ಳಿ ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ’ ಎಂದರು. ವಿಶ್ವೇಶ್ವರಯ್ಯನವರ ಊರು ಜಿಲ್ಲೆಯಲ್ಲಿರುವುದರಿಂದ ಇಲ್ಲಿನ ತಂದೆಯರೊಂದಿಗೆ ಎಂಜಿನಿಯರಿಂಗ್ ಬೇಡವೆಂದು ವಾದಿಸುವುದು ಸುಲಭವಲ್ಲ. ನಾನು ವಾದಿಸಲೂ ಇಲ್ಲ. ಬಾಗಿಲುಗಳ ಲೆಕ್ಕವನ್ನೇ ಅವರ ಮುಂದೆ ಬಿಡಿಸಿಟ್ಟೆ.

ನೀಟ್‌ನಲ್ಲಿ ಗಣಿತವಿಲ್ಲ. 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ ಮೀಸಲು, ಅದು ಇವಳ ಗಟ್ಟಿ ವಿಷಯ. ಪಿಯು ವಿಜ್ಞಾನಕ್ಕೆ 2012ರಿಂದ ಎನ್‌ಸಿಇಆರ್‌ಟಿ ಪಠ್ಯಕ್ರಮವೇ ಇರುವುದರಿಂದ ಕಾಲೇಜಿನ ಜೀವಶಾಸ್ತ್ರ ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ನೀಟ್ ತಯಾರಿಯ ದೊಡ್ಡ ಪಾಲು ಅದರಲ್ಲೇ ಮುಗಿಯುತ್ತದೆ. ಎಂಜಿನಿಯರಿಂಗ್‌ಗೆ ರಾಜ್ಯದ ಸಿಇಟಿ ಇದೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತಲಾ 60 ಅಂಕ. ರ್‍ಯಾಂಕ್ ಲೆಕ್ಕಹಾಕುವಾಗ ದ್ವಿತೀಯ ಪಿಯುಸಿಯ ಅದೇ ಮೂರು ವಿಷಯಗಳ ಅಂಕಗಳಿಗೂ ಅರ್ಧ ತೂಕ. ಅಂದರೆ ಕಾಲೇಜಿನ ಗಣಿತವನ್ನು ಚೆನ್ನಾಗಿ ಓದಿದರೆ ಎಂಜಿನಿಯರಿಂಗ್ ಬಾಗಿಲು ತಾನಾಗಿಯೇ ತೆರೆದಿರುತ್ತದೆ. ಜೆಇಇ ಬೇಕಾಗುವುದು ಮುಖ್ಯವಾಗಿ ಐಐಟಿ, ಎನ್ಐಟಿಗಳಿಗೆ. ಅದರ ಒಂದು ಸುತ್ತು ಬರುವುದು ಜನವರಿಯಲ್ಲಿ. ದ್ವಿತೀಯ ಪಿಯು ಮಕ್ಕಳು ಪೂರ್ವಸಿದ್ಧತಾ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಎಂದು ಓಡಾಡುವ ಹೊತ್ತಿನಲ್ಲಿ. ಐಐಟಿಗೆ ಹೋಗಬೇಕೆಂಬ ಹಂಬಲ ಗೀತಾಳಿಗೆ ಇದೆಯೇ ಎಂದು ಕೇಳಿದೆ. ತಂದೆ ಮಗಳ ಮುಖ ನೋಡಿದರು. ಅವಳು ತಲೆಯಾಡಿಸಿ ಇಲ್ಲವೆಂದಳು.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೊಪ್ಪು ನೋಡಿಕೊಂಡು ಮೊಟ್ಟೆ ತರಬೇಕು. ನೂರು ಮೊಟ್ಟೆಗೆ ಆಗುವಷ್ಟು ಸೊಪ್ಪಿಟ್ಟುಕೊಂಡು ಮುನ್ನೂರು ಮೊಟ್ಟೆ ತಂದರೆ ಮುನ್ನೂರೂ ಹಾಳು’ ಎಂದರು. ನಾನು ಅದಕ್ಕೆ ಇನ್ನೇನನ್ನೂ ಸೇರಿಸಲಿಲ್ಲ.

ಕೊಟ್ಟ ಸಲಹೆ ಇಷ್ಟು. ಪಿಸಿಎಂಬಿ ಮುಂದುವರಿಯಲಿ, ಇಂಗ್ಲಿಷ್ ಕೈಗೆ ಬರುವ ಮೊದಲೇ ವಿಜ್ಞಾನ ಇವಳಿಗಾಗದೆಂದು ತೀರ್ಮಾನಿಸುವುದು ಅನ್ಯಾಯ. ಜೆಇಇ ತರಗತಿ ಈ ವಾರವೇ ನಿಲ್ಲಲಿ, ಆ ಹೊತ್ತು ಕಾಲೇಜಿನ ಗ್ರಂಥಾಲಯದಲ್ಲಿ ಅಂದಿನ ಪಾಠದ ಲೆಕ್ಕಗಳನ್ನು ಬಿಡಿಸುವುದಕ್ಕೆ ಹೋಗಲಿ, ಮನೆಗೆ ತರುವುದು ಬೇಡ. ಸಂಸ್ಕೃತದ ಬದಲು ಕನ್ನಡ. ಭಾಷೆಯ ಅಂಕ 600ರ ಮೊತ್ತವನ್ನು ಹಿಗ್ಗಿಸೀತು, ಸಿಇಟಿಯ ಎಂಜಿನಿಯರಿಂಗ್ ರ್‍ಯಾಂಕಿಗಾಗಲಿ ನೀಟ್‌ಗಾಗಲಿ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ವಿದ್ಯಾರ್ಥಿಗಳ ವಿವರ ಮಂಡಲಿಗೆ ಅಂತಿಮವಾಗಿ ಹೋಗುವ ಮೊದಲೇ ಪ್ರಾಂಶುಪಾಲರಿಗೆ ಅರ್ಜಿ ಕೊಡಲು ಹೇಳಿದೆ. ಶಾಲೆಯಲ್ಲಿ ಸಂಸ್ಕೃತ ಓದಿ ಬಂದ ಮಕ್ಕಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರಿಗೆ ಅದು ಹಗುರವೇ.

ಇಂಗ್ಲಿಷಿನ ತೊಡಕಿಗೆ ಕೊಟ್ಟದ್ದು ಬೇಸರ ತರಿಸುವ ಮದ್ದು. ಪ್ರತಿ ಅಧ್ಯಾಯ ಶುರುವಾಗುವ ಮೊದಲು ಅದರ ಅಂತ್ಯದ ಪ್ರಶ್ನೆಗಳನ್ನು ಬರಿದೇ ಓದಿ, ಏನನ್ನು ಕೇಳಿದ್ದಾರೆಂದು ಕನ್ನಡದಲ್ಲಿ ಒಂದು ಸಾಲು ಬರೆಯುವುದು. ಬಿಡಿಸುವುದು ಆಮೇಲೆ. ಇದನ್ನು ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡಕ್ಕೆ ಮಾತ್ರ, ಅದೂ ಡಿಸೆಂಬರ್‌ವರೆಗೆ. ಪ್ರಥಮ ಪಿಯುಸಿಯ ಅಂಕ ಸಿಇಟಿ ರ್‍ಯಾಂಕಿಗೆ ಸೇರುವುದಿಲ್ಲವಾದ್ದರಿಂದ ಈ ವರ್ಷದ ಕಿರು ಪರೀಕ್ಷೆಗಳಲ್ಲಿ ಎಡವಿದರೆ ನಷ್ಟವಿಲ್ಲ ಎಂದೂ, ಪಾಠ ಬಿಟ್ಟರೆ ನಷ್ಟವಿದೆ, ಸಿಇಟಿ ಮತ್ತು ನೀಟ್ ಎರಡರಲ್ಲೂ ಈ ವರ್ಷದ ಪಾಠದಿಂದ ಪ್ರಶ್ನೆಗಳು ಬರುತ್ತವೆ ಎಂದೂ ಬಿಡಿಸಿ ಹೇಳಿದೆ.

ಹುಳು ಮಾಗುವ ವಾರದ ಬಗ್ಗೆ ತಂದೆಯೊಂದಿಗೆ ಒಂದು ಒಪ್ಪಂದವಾಯಿತು. ಚಾಕಿ (ಎಳೆಯ) ಹುಳು ತರುವ ದಿನ ಗೊತ್ತಿರುತ್ತದೆ, ಆದ್ದರಿಂದ ಕೊನೆಯ ವಾರ ಯಾವುದೆಂದು ಮೊದಲೇ ಲೆಕ್ಕಹಾಕಬಹುದು. ಆ ವಾರ ಗೀತಾ ಸಂಜೆ ಒಂದು ಗಂಟೆ ಸೊಪ್ಪಿನ ಕೆಲಸ ಮಾಡುತ್ತಾಳೆ, ಹೊಸ ಪಾಠ ಓದುವುದಿಲ್ಲ, ಹಳೆಯದನ್ನು ತಿರುವುತ್ತಾಳೆ. ಕಿರು ಪರೀಕ್ಷೆ ಅದೇ ವಾರ ಬಿದ್ದರೆ ಕೂಲಿಗೆ ಒಬ್ಬರನ್ನು ಕರೆಯುವುದು. ಕೆಲಸವೇ ಬೇಡವೆಂದು ನಾನು ಹೇಳಲಿಲ್ಲ. ಹುಳುಮನೆಯಲ್ಲಿ ಅವಳ ಮುಖದಲ್ಲಿ ಬಳಲಿಕೆಗಿಂತ ಕುತೂಹಲವೇ ಹೆಚ್ಚೆಂದು ಅವಳ ತಂದೆಯೇ ಹೇಳಿದ್ದರು.

ಗೀತಾಳ ಸೋದರಮಾವನ ಜೊತೆ ಫೋನಿನಲ್ಲಿ ಮಾತಾಡಿದ್ದು ಅಷ್ಟು ಸಲೀಸಾಗಿರಲಿಲ್ಲ. ‘ಈಗಲೇ ಕೈಬಿಟ್ಟರೆ ಮುಂದೆ ಪಶ್ಚಾತ್ತಾಪ ಪಡುತ್ತಾಳೆ’ ಎಂದರು. ಅವರ ಕಾಳಜಿ ನಿಜವಾದದ್ದು. ಸೋದರ ಸೊಸೆಯ ಶುಲ್ಕದ ಒಂದು ಪಾಲು ಅವರ ಜೇಬಿನದ್ದೇ. ನೀಟ್ ಮತ್ತೊಮ್ಮೆ ಬರೆಯಬಹುದು, ದ್ವಿತೀಯ ಪಿಯುಸಿಗೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ, ಆದರೆ ಮೊದಲ ವರ್ಷದಲ್ಲೇ ಓದಿನ ಮೇಲೆ ಜಿಗುಪ್ಸೆ ಹುಟ್ಟಿದರೆ ಯಾವ ಪರೀಕ್ಷೆಯೂ ಉಪಯೋಗಕ್ಕೆ ಬಾರದು ಎಂದೆ. ಒಪ್ಪಿದರೆಂದು ಹೇಳಲಾರೆ. ‘ಸರಿ, ನೋಡೋಣ’ ಎಂದು ಫೋನ್ ಇಟ್ಟರು.

ಡಿಸೆಂಬರ್ ಪರೀಕ್ಷೆಯಲ್ಲಿ ಭೌತಶಾಸ್ತ್ರ 9ರಿಂದ 26ಕ್ಕೆ, ರಸಾಯನಶಾಸ್ತ್ರ 21ರಿಂದ 32ಕ್ಕೆ ಬಂದಿತ್ತು. ಜೀವಶಾಸ್ತ್ರ 43. ಗಣಿತ ಇದ್ದಲ್ಲೇ ಇದೆ. ಅದು ನನಗೆ ಇನ್ನೂ ಯೋಚನೆಯ ವಿಷಯ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ, ಅಂಥ ಪದವಿಗೆ ಸಿಇಟಿ ಮೂಲಕವೇ ಹೋಗಬಹುದು, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಮತ್ತು ಪ್ರಾಯೋಗಿಕ ಪರೀಕ್ಷೆ ಇದೆ ಎಂದು ಹೇಳಿದಾಗ ಅಚ್ಚರಿಪಟ್ಟಳು. ಅವಳಿಗೂ ಅವಳ ತಂದೆಗೂ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ತಂದೆಗೆ ಡಾಕ್ಟರ್ ಕನಸು ಹಾಗೇ ಇದೆ, ಇರಲಿ. ನೀಟ್ ಮುಂದುವರಿಸಬೇಕೇ ಎಂಬುದನ್ನು ಪ್ರಥಮ ಪಿಯುಸಿ ಫಲಿತಾಂಶ ಬಂದ ಮೇಲೆ ಮೂವರೂ ಕೂತು ತೀರ್ಮಾನಿಸುವುದೆಂದು ಕಡತದಲ್ಲಿ ಬರೆದಿದ್ದೇವೆ.

ಜೆಇಇ ತರಗತಿಗೆ ಕಟ್ಟಿದ್ದ ಶುಲ್ಕವನ್ನು ವಾಪಸ್ ಕೇಳಲು ತಂದೆ ಹೋಗಿದ್ದರು. ಎಲ್ಲ ತರಗತಿಗಳಿಗೂ ಸೇರಿ ಒಂದೇ ಮೊತ್ತ, ಬಿಡಿಯಾಗಿ ಕೊಡಲಾಗದೆಂದು ಹೇಳಿ ಕಳುಹಿಸಿದ್ದಾರೆ. ಮುಂದಿನ ವರ್ಷದ ಶುಲ್ಕ ಕಟ್ಟುವ ಮೊದಲು ಯಾವ ಯಾವ ತರಗತಿ ಎಂದು ರಸೀದಿಯಲ್ಲಿ ಬಿಡಿಬಿಡಿಯಾಗಿ ಬರೆಸಿಕೊಳ್ಳಿ ಎಂದಿದ್ದೇನೆ.