‘ಕಿರಿಯರ ತಂಡ’ ಅಂತ ಬರೆದು ಸಿಕ್ಕಿಬಿದ್ದೆವು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ‘ಆಕಿನ್‌ಲೆಕ್ ಟಾಲ್ಬಟ್ ಎಂಬ ಕಿರಿಯರ ತಂಡ’ 2019ರಲ್ಲಿ ಫುಟ್‌ಬಾಲಿನಲ್ಲಿ ಏರ್ ಯುನೈಟೆಡ್ ತಂಡವನ್ನು ಸೋಲಿಸಿತು ಅಂತ ಓದಿದೆ. ಹುಡುಗರು ದೊಡ್ಡವರನ್ನು ಸೋಲಿಸಿದ್ದು ಹೇಗೆ? ಟಾಲ್ಬಟ್ ಅನ್ನೋದು ಒಂದು ಕಾರಿನ ಹೆಸರಲ್ಲವೇ? ಅಷ್ಟು ಸಣ್ಣ ಊರಿನ ಕ್ಲಬ್ಬಿಗೆ ನಮ್ಮ ಪತ್ರಿಕೆಯಲ್ಲಿ ಜಾಗ ಯಾಕೆ? — ಒಬ್ಬ ಹಳೆಯ ಓದುಗ, ಶಿವಮೊಗ್ಗ

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ತಪ್ಪು ನಮ್ಮದೇ. ಲೇಖಕರು ‘ಜೂನಿಯರ್ ಕ್ಲಬ್’ ಅಂತಲೇ ಬರೆದು ಕಳಿಸಿದ್ದರು. ಕನ್ನಡದಲ್ಲಿರಲಿ ಅಂತ ‘ಕಿರಿಯರ ತಂಡ’ ಮಾಡಿದವನು ನಾನು. ಆ ಒಂದು ತಿದ್ದುಪಡಿಯಿಂದ ಕಲ್ಲಿದ್ದಲು ಗಣಿಯ ಗಟ್ಟಿ ಆಳುಗಳ ತಂಡವೊಂದು ಹೈಸ್ಕೂಲು ಹುಡುಗರ ಗುಂಪಾಗಿಬಿಟ್ಟಿತು.

ಸ್ಕಾಟ್ಲೆಂಡಿನಲ್ಲಿ ‘ಜೂನಿಯರ್’ ಅನ್ನೋ ಮಾತಿಗೂ ವಯಸ್ಸಿಗೂ ಸಂಬಂಧ ಇಲ್ಲ. ದೊಡ್ಡ ಕ್ಲಬ್ಬುಗಳು ‘ಸೀನಿಯರ್’. ಆ ಸಾಲಿನ ಹೊರಗೆ ಉಳಿದವರು ‘ಜೂನಿಯರ್’. ಹೊರಗೆ ಉಳಿದವರು ಸುಮ್ನೆ ಕೂರಲಿಲ್ಲ. 1886ರಲ್ಲಿ ಗ್ಲ್ಯಾಸ್ಗೋದಲ್ಲಿ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ತಮ್ಮದೇ ಲೀಗು, ತಮ್ಮದೇ ಕಪ್ಪು, ತಮ್ಮದೇ ಲೆಕ್ಕಪತ್ರ. ಆಟಗಾರರಿಗೆ ಒಂದಷ್ಟು ದುಡ್ಡೂ ಸಿಗುತ್ತಿತ್ತು. ಹಗಲು ಗಣಿಯಲ್ಲೋ ಕಾರ್ಖಾನೆಯಲ್ಲೋ ಕೆಲಸ, ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಆಟ ಸ್ವಲ್ಪ ಒರಟು ಅನ್ನೋ ಹೆಸರೂ ಇತ್ತು. ಆ ಹೆಸರಿನ ಬಗ್ಗೆ ಅವರಿಗೆ ಬೇಜಾರೇನೂ ಇದ್ದಂತಿಲ್ಲ!

ಇದನ್ನು ಗಲ್ಲಿ ಆಟ ಅಂದುಕೊಳ್ಳಬೇಡಿ. 1951ರ ಜೂನಿಯರ್ ಕಪ್ ಫೈನಲ್ ನೋಡಲು ಗ್ಲ್ಯಾಸ್ಗೋದ ಹ್ಯಾಂಪ್ಡನ್ ಪಾರ್ಕ್ ಕ್ರೀಡಾಂಗಣಕ್ಕೆ ಬಂದವರು 77,650 ಜನ. ಬ್ಲಾಂಟೈರ್ ವಿಕ್ಟೋರಿಯಾ ಅನ್ನೋ ಜೂನಿಯರ್ ತಂಡದಲ್ಲಿ ಜಾಕ್ ಸ್ಟೀನ್ ಎಂಬ ಗಣಿ ಕಾರ್ಮಿಕ ಆಡುತ್ತಿದ್ದರು. 1967ರಲ್ಲಿ ಗ್ಲ್ಯಾಸ್ಗೋದ ಸೆಲ್ಟಿಕ್ ತಂಡ ಯುರೋಪಿಯನ್ ಕಪ್ ಗೆದ್ದಾಗ ಮ್ಯಾನೇಜರ್ ಅವರೇ. ಕಪ್ ಎತ್ತಿದ ನಾಯಕ ಬಿಲ್ಲಿ ಮೆಕ್‌ನೀಲ್ ಕೂಡ ಅದೇ ಬ್ಲಾಂಟೈರ್ ವಿಕ್ಟೋರಿಯಾದಿಂದ ಬಂದವರು. ಲಿವರ್‌ಪೂಲ್ ಅಭಿಮಾನಿಗಳು ದೇವರಂತೆ ಕಾಣುವ ಹಳೆಯ ಮ್ಯಾನೇಜರ್ ಬಿಲ್ ಶ್ಯಾಂಕ್ಲಿ ಆಡಿದ್ದು ಕ್ರಾನ್‌ಬೆರಿ ಎಗ್ಲಿಂಟನ್ ಅನ್ನೋ ಜೂನಿಯರ್ ತಂಡಕ್ಕೆ. ಕ್ರಾನ್‌ಬೆರಿ ಇರೋದು ನಮ್ಮ ಈ ಆಕಿನ್‌ಲೆಕ್‌ನ ಪಕ್ಕದಲ್ಲೇ.

ಇನ್ನು ಕಾರಿನ ವಿಷಯ. ಟಾಲ್ಬಟ್ ಅನ್ನೋ ಕಾರು ಇದ್ದದ್ದು ನಿಜ. ಆದರೆ ಈ ಟಾಲ್ಬಟ್ ಒಬ್ಬ ಜಮೀನ್ದಾರರು. ಕ್ಲಬ್ ಶುರುವಾದದ್ದು 1909ರಲ್ಲಿ. ಆಡಲು ಜಾಗ ಕೊಟ್ಟ ಲಾರ್ಡ್ ಟಾಲ್ಬಟ್ ಡಿ ಮಾಲಹೈಡ್ ಅವರ ಹೆಸರನ್ನೇ ಕ್ಲಬ್ಬಿಗೆ ಇಟ್ಟರು. ಮಾಲಹೈಡ್ ಇರೋದು ಐರ್ಲೆಂಡಿನಲ್ಲಿ. ಅಲ್ಲಿನ ಯಜಮಾನರಿಗೆ ಸ್ಕಾಟ್ಲೆಂಡಿನ ಗಣಿ ಊರಿನಲ್ಲಿ ಜಮೀನು ಬಂದದ್ದು ಮದುವೆಯ ಸಂಬಂಧದಿಂದ. ಆಕಿನ್‌ಲೆಕ್ ಎಸ್ಟೇಟು ಮೊದಲು ಬಾಸ್ವೆಲ್ ಮನೆತನದ್ದು. ಹೌದು, ಇಂಗ್ಲಿಷ್ ಸಾಹಿತಿ ಡಾಕ್ಟರ್ ಜಾನ್ಸನ್ನರ ಜೀವನಚರಿತ್ರೆ ಬರೆದ ಅದೇ ಜೇಮ್ಸ್ ಬಾಸ್ವೆಲ್. ಆ ಮನೆತನದ ಹೆಣ್ಣುಮಗಳೊಬ್ಬಳನ್ನು ಟಾಲ್ಬಟ್ ಮನೆಗೆ ಕೊಟ್ಟಿದ್ದರು. ಹಾಗಾಗಿ ಆಸ್ತಿಯೂ ಆ ಕಡೆ ಹೋಯಿತು, ಬಾಸ್ವೆಲ್‌ನ ಕಾಗದಪತ್ರಗಳೂ ಹೋದವು. 1920ರ ದಶಕದಲ್ಲಿ ಮಾಲಹೈಡ್ ಕೋಟೆಯಲ್ಲಿ ಆ ಪತ್ರಗಳು ಸಿಕ್ಕಾಗ ಸಾಹಿತ್ಯಲೋಕದಲ್ಲಿ ದೊಡ್ಡ ಸುದ್ದಿ. ಇಂಗ್ಲಿಷ್ ಮೇಷ್ಟ್ರುಗಳಿಗೆ ಟಾಲ್ಬಟ್ ಅಂದರೆ ಆ ಪತ್ರಗಳ ಕಟ್ಟು. ಆಕಿನ್‌ಲೆಕ್‌ನವರಿಗೆ ಟಾಲ್ಬಟ್ ಅಂದರೆ ಶನಿವಾರದ ಪಂದ್ಯ.

ಊರಿನ ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ಸ್ಕಾಟ್ಲೆಂಡಿನ ಜೂನಿಯರ್ ಕಪ್ಪನ್ನು ಟಾಲ್ಬಟ್ ಮೊದಲು ಗೆದ್ದದ್ದು 1949ರಲ್ಲಿ. ಆಮೇಲೆ ಮೂವತ್ತೇಳು ವರ್ಷ ಏನೂ ಇಲ್ಲ. ಎರಡನೇ ಸಲ ಬಂದದ್ದು 1986ರಲ್ಲಿ. ಈ ಇಸವಿಯನ್ನು ಸ್ವಲ್ಪ ಗಮನಿಸಿ. ಬ್ರಿಟನ್ನಿನ ಗಣಿ ಕಾರ್ಮಿಕರು 1984ರ ಮಾರ್ಚಿನಿಂದ ಒಂದು ವರ್ಷ ಮುಷ್ಕರ ಮಾಡಿ, ಸೋತು ಕೆಲಸಕ್ಕೆ ಮರಳಿದ್ದರು. ಒಂದರ ಹಿಂದೊಂದು ಗಣಿಗೆ ಬೀಗ ಬೀಳುತ್ತಿತ್ತು. ಆಕಿನ್‌ಲೆಕ್‌ನ ಗಣಿಯ ಹೆಸರು ಬ್ಯಾರನಿ. 1962ರಲ್ಲಿ ಅದರ ಒಳಗಿಳಿಯುವ ಬಾವಿ ಕುಸಿದು ನಾಲ್ವರು ಸತ್ತಿದ್ದರು. ಆಗಲೂ ಅದನ್ನು ರಿಪೇರಿ ಮಾಡಿ ಮತ್ತೆ ತೆರೆದಿದ್ದರು. ಈ ಸಲ ಹಾಗಾಗುವ ಲಕ್ಷಣ ಇರಲಿಲ್ಲ.

ಆ ದಿನಗಳಲ್ಲಿ ವಿಲ್ಲಿ ನಾಕ್ಸ್ ಎಂಬ ಮ್ಯಾನೇಜರ್ ಕೈಯಲ್ಲಿ ಟಾಲ್ಬಟ್ 1986, 1987, 1988 ಹೀಗೆ ಸಾಲಾಗಿ ಮೂರು ವರ್ಷ ಕಪ್ ಹೊಡೆಯಿತು. ಮುಷ್ಕರದ ಸಿಟ್ಟೇ ಕಪ್ಪಾಗಿ ಬಂತು ಅಂತ ಬರೆದರೆ ಓದಲು ಚೆನ್ನಾಗಿರುತ್ತೆ. ನಾನು ಹಾಗೆ ಬರೆಯಲಾರೆ. ಒಳ್ಳೆಯ ಆಟಗಾರರು, ಒಳ್ಳೆಯ ಮ್ಯಾನೇಜರ್ ಇದ್ದರೆ ಕಪ್ ಬರುತ್ತೆ, ಅಷ್ಟೇ. ಆದರೆ ಊರಿನ ಕಡೆಯಿಂದ ಯೋಚಿಸಿ. ಸಂಬಳ ನಿಲ್ಲುವ ಭಯ, ಎದುರಿಗೆ ಮುಚ್ಚುವ ಗಣಿ, ನಡುವೆ ವರ್ಷಕ್ಕೊಂದು ಕಪ್ಪು. ಬ್ಯಾರನಿ ಕೊನೆಗೂ 1989ರಲ್ಲಿ ಮುಚ್ಚಿತು. ಆ ವರ್ಷ ಕಪ್ಪೂ ಕೈತಪ್ಪಿತು. ಯಾರಿಗೆ ಹೋಯಿತು ಗೊತ್ತಾ? ಎರಡು ಮೈಲಿಯೂ ದೂರವಿಲ್ಲದ ಕಮ್ನಕ್‌ಗೆ! ಆಕಿನ್‌ಲೆಕ್‌ನವರಿಗೆ ಕಮ್ನಕ್ ಅಂದರೆ ಬದ್ಧ ಎದುರಾಳಿ. ಬೇರೆ ಯಾರು ಗೆದ್ದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ ಅನ್ನಿಸುತ್ತೆ.

ಗಣಿಯ ಬಾವಿಯ ಮೇಲೆ ಎತ್ತಿ ಕಟ್ಟಿದ್ದ ದೊಡ್ಡ ಚೌಕಟ್ಟನ್ನು ಈಗ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಕ್ಲಬ್ಬಿಗೆ ಸ್ಮಾರಕ ಬೇಕಾಗಲಿಲ್ಲ. 1992ರಲ್ಲಿ ಮತ್ತೆ ಕಪ್, 2006ರಿಂದ ಈಚೆಗಂತೂ ಎರಡು ಮೂರು ವರ್ಷಕ್ಕೊಂದರಂತೆ. ಇವತ್ತಿಗೆ ಜೂನಿಯರ್ ಕಪ್ಪನ್ನು ಅತಿ ಹೆಚ್ಚು ಸಲ ಗೆದ್ದವರು ಇವರೇ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಸೀನಿಯರ್‌ಗಳ ಸ್ಕಾಟಿಷ್ ಕಪ್ಪಿನ ಬಾಗಿಲು ಜೂನಿಯರ್ ಚಾಂಪಿಯನ್ನರಿಗೆ ತೆರೆದದ್ದು 2007ರಲ್ಲಿ. ಅಂದರೆ ನೂರಿಪ್ಪತ್ತು ವರ್ಷ ಎರಡೂ ಕಡೆಯವರು ಪಕ್ಕಪಕ್ಕದ ಮೈದಾನಗಳಲ್ಲಿ ಬೇರೆ ಬೇರೆಯಾಗೇ ಆಡಿಕೊಂಡಿದ್ದರು. 2019ರ ಜನವರಿಯಲ್ಲಿ ಟಾಲ್ಬಟ್‌ನ ಸ್ವಂತ ಮೈದಾನ ಬೀಚ್‌ವುಡ್ ಪಾರ್ಕಿಗೆ ಏರ್ ಯುನೈಟೆಡ್ ಬಂತು. ಏರ್ ಆ ಸೀಮೆಯ ದೊಡ್ಡ ಪಟ್ಟಣ, ತಂಡ ಮೇಲಿನಿಂದ ಎರಡನೇ ಹಂತದ ಲೀಗಿನಲ್ಲಿ ಮೇಲಿನ ಸ್ಥಾನಕ್ಕೆ ಹೋರಾಡುತ್ತಿತ್ತು. 78ನೇ ನಿಮಿಷದಲ್ಲಿ ಟಾಲ್ಬಟ್‌ನ ಡಿಫೆಂಡರ್ ಕ್ರೇಗ್ ಮೆಕ್‌ಕ್ರಾಕೆನ್ ಗೋಲು ಹೊಡೆದರು. 1–0. ಮುಂದಿನ ಸುತ್ತಿನಲ್ಲಿ ಎಡಿನ್‌ಬರೋದ ಹಾರ್ಟ್ಸ್ ತಂಡ 4–0ಯಿಂದ ಇವರನ್ನು ಮನೆಗೆ ಕಳಿಸಿತು. ಅದನ್ನೂ ಹೇಳಬೇಕಲ್ವಾ?

2023ರಲ್ಲಿ ಇದೇ ಸೀಮೆಯ ಡಾರ್ವೆಲ್, ಅದೂ ಹಳೆಯ ಜೂನಿಯರ್ ಕ್ಲಬ್ಬೇ, ಅಬರ್ಡೀನ್ ತಂಡವನ್ನು 1–0ಯಿಂದ ಸೋಲಿಸಿತು. ಅಬರ್ಡೀನ್ ಮೊದಲ ಹಂತದ ತಂಡ, ಡಾರ್ವೆಲ್ ಆರನೇ ಹಂತದ್ದು. ಅಷ್ಟರಲ್ಲಿ ಪಶ್ಚಿಮ ಭಾಗದ ಜೂನಿಯರ್ ಕ್ಲಬ್ಬುಗಳು ತಮ್ಮ ಪ್ರತ್ಯೇಕ ಲೀಗು ಬಿಟ್ಟು, 2020ರಲ್ಲಿ ಸೀನಿಯರ್‌ಗಳೂ ಇರುವ ಲೀಗುಗಳ ಏಣಿಯ ಕೆಳಗಿನ ಮೆಟ್ಟಿಲಿಗೆ ಬಂದು ನಿಂತಿದ್ದವು. ಗೆದ್ದರೆ ಮೇಲೆ ಹತ್ತಬಹುದು. ಜೂನಿಯರ್ ಕಪ್ ಮಾತ್ರ ಬಿಟ್ಟುಕೊಟ್ಟಿಲ್ಲ. ನನಗೆ ಅದು ಇಷ್ಟವಾಯಿತು.

ಇಷ್ಟು ಸಣ್ಣ ಊರಿಗೆ ಜಾಗ ಯಾಕೆ ಅಂತ ಕೇಳಿದ್ದೀರಿ. ಕಳೆದ ಸಲ ನಾವು ಕೊಟ್ಟದ್ದು ಕಾಲು ಪುಟ, ಅದರಲ್ಲೂ ಒಂದು ತಪ್ಪು. ಈ ಸಲ ಒಂದು ಪುಟ ಪೂರ್ತಿ ಹೋಯಿತು, ನಿಮ್ಮ ದಯದಿಂದ. ತಿದ್ದುಪಡಿಯನ್ನು ಈ ಸಂಚಿಕೆಯ ಎರಡನೇ ಪುಟದಲ್ಲಿ ಹಾಕಿದ್ದೇವೆ. ‘ಜೂನಿಯರ್’ ಅನ್ನೋ ಪದವನ್ನು ಇನ್ನು ಮುಟ್ಟಬಾರದು ಅಂತ ನಮ್ಮ ಉಪಸಂಪಾದಕಿ ನನಗೆ ತಾಕೀತು ಮಾಡಿದ್ದಾರೆ.

— ಸಂಪಾದಕ