ಕ್ಯಾಂಪಿಂಗ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಗಾಡಿ) ಒಳಗಿನ ಒಲೆ ಚೆನ್ನಾಗಿ ಉರಿಯುತ್ತೆ, ಹೊರಗಿಟ್ಟ ಪ್ರೊಪೇನ್ ಒಲೆಯಲ್ಲಿ ಮಾತ್ರ ಉರಿ ತೀರಾ ಸಣ್ಣ. ಯಾಕೆ?

ಒಳಗಿನ ಒಲೆ ಸರಿಯಾಗಿ ಉರಿಯುತ್ತಿದೆ ಎಂದರೆ ಸಿಲಿಂಡರಿನಲ್ಲಿ ಗ್ಯಾಸ್ ಇದೆ, ಮುಖ್ಯ ರೆಗ್ಯುಲೇಟರ್ ಕೂಡ ಸರಿ ಇದೆ. ಅವೆರಡನ್ನೂ ಬಿಚ್ಚಲು ಹೋಗಬೇಡಿ. ತೊಂದರೆ ಇರುವುದು ಟ್ರೇಲರ್ ಪಕ್ಕದ ಕ್ವಿಕ್ ಕನೆಕ್ಟ್‌ನಲ್ಲಿ (ಹೊರಗಿನ ಒಲೆಯ ಪೈಪನ್ನು ಸಿಕ್ಕಿಸುವ ಜಾಗ) ಅಥವಾ ಅದರಿಂದ ಆಚೆಗೆ.

ಮೊದಲು ಹೊರಗಿನ ಒಲೆಗೆ ಅದರದ್ದೇ ರೆಗ್ಯುಲೇಟರ್ ಇದೆಯಾ ನೋಡಿ. ಅಮೆರಿಕದಲ್ಲಿ ಸಿಗುವ ಕ್ಯಾಂಪಿಂಗ್ ಒಲೆಗಳಲ್ಲಿ ಹೆಚ್ಚಿನವು 1 ಪೌಂಡಿನ ಸಣ್ಣ ಸಿಲಿಂಡರಿಗೆ ಅಂತಲೇ ಮಾಡಿದವು. ಬೆಚ್ಚಗಿನ ದಿನ ಆ ಸಿಲಿಂಡರಿನ ಒತ್ತಡ 100 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ದಾಟುತ್ತದೆ, ಹಾಗಾಗಿ ಒಲೆಯಲ್ಲೇ ರೆಗ್ಯುಲೇಟರ್ ಬೇಕು. ನಿಮ್ಮ ಟ್ರೇಲರಿನ ಕ್ವಿಕ್ ಕನೆಕ್ಟ್‌ಗೆ ಬರುವ ಗ್ಯಾಸ್ ಆಗಲೇ ಮುಖ್ಯ ರೆಗ್ಯುಲೇಟರ್ ದಾಟಿ 11 ಇಂಚು ವಾಟರ್ ಕಾಲಂಗೆ, ಅಂದರೆ ಸುಮಾರು 0.4 ಪಿಎಸ್‌ಐಗೆ ಇಳಿದಿರುತ್ತದೆ. ಅದನ್ನು ಇನ್ನೊಂದು ರೆಗ್ಯುಲೇಟರ್ ಮೂಲಕ ತಳ್ಳಿದರೆ ಬರ್ನರಿಗೆ ತಲುಪುವುದು ಅಲ್ಪಸ್ವಲ್ಪ. ನೀವು ಹೇಳುವ ಲಕ್ಷಣಕ್ಕೆ ಅತಿ ಸಾಮಾನ್ಯ ಕಾರಣ ಇದೇ.

ರೆಗ್ಯುಲೇಟರ್ ತೆಗೆದು ಅದರ ಜಾಗದಲ್ಲಿ ಹಾಕುವ ಅಡಾಪ್ಟರ್ ಕೆಲವು ಒಲೆಗಳಿಗೆ ಸಿಗುತ್ತದೆ. ಆದರೂ ಜೆಟ್ಟಿನ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ನಳಿಕೆ) ತೂತು ಹೆಚ್ಚಿನ ಒತ್ತಡಕ್ಕೆ ಮಾಡಿದ್ದಾದರೆ ಉರಿ ಸಣ್ಣದಾಗಿಯೇ ಉಳಿಯುತ್ತದೆ. ಜೆಟ್ಟನ್ನು ಡ್ರಿಲ್ ಮಾಡಿ ದೊಡ್ಡದು ಮಾಡಬೇಡಿ. ಕಡಿಮೆ ಒತ್ತಡಕ್ಕೇ ತಯಾರಾದ ಒಲೆ ಕೊಳ್ಳುವುದು ವಾಸಿ. ರೆಗ್ಯುಲೇಟರ್ ತೆಗೆದ ಒಲೆಯನ್ನು ಮುಂದೆ ಯಾವತ್ತೂ ನೇರವಾಗಿ ಸಿಲಿಂಡರಿಗೆ ಜೋಡಿಸಬಾರದು. ಮನೆಯಲ್ಲಿ ಬೇರೆಯವರೂ ಅದನ್ನು ಬಳಸುವುದಾದರೆ ಒಲೆಯ ಮೇಲೇ ಹಾಗಂತ ಬರೆದಿಡಿ.

ಒಲೆಗೆ ರೆಗ್ಯುಲೇಟರ್ ಇಲ್ಲವೇ ಇಲ್ಲ ಅಂತಾದರೆ ಕ್ವಿಕ್ ಕನೆಕ್ಟ್ ನೋಡಿ. ಪ್ಲಗ್ ಪೂರ್ತಿ ಒಳಗೆ ಕೂರದಿದ್ದರೆ ಒಳಗಿನ ಕವಾಟ ತೆರೆಯುವುದಿಲ್ಲ. ಕಾಲರ್ (ಜೋಡಣೆಯ ಸುತ್ತಲಿನ ಜಾರುವ ಉಂಗುರ) ಹಿಂದಕ್ಕೆಳೆದು, ಪ್ಲಗ್ ಒತ್ತಿ, ಕಾಲರ್ 'ಟಕ್' ಅಂತ ಮುಂದೆ ಬಂದ ಮೇಲೆ ಲಿವರ್ ತಿರುಗಿಸಿ. ಪೈಪು ಎಲ್ಲೂ ಮಡಿಸಿಕೊಂಡಿರಬಾರದು.

ಚಳಿಗಾಲವಿಡೀ ಮೂಲೆಯಲ್ಲಿದ್ದ ಒಲೆಯಾದರೆ ಬರ್ನರ್ ಟ್ಯೂಬಿನಲ್ಲಿ ಜೇಡರ ಬಲೆ ಇರಬಹುದು. ಉರಿ ಹಳದಿಯಾಗಿದ್ದರೆ ಅನುಮಾನ ಅದರ ಮೇಲೇ. ಬರ್ನರ್ ತೆಗೆದು, ಟ್ಯೂಬಿನೊಳಗೆ ತೆಳು ಬ್ರಷ್ ಹಾಕಿ ಸ್ವಚ್ಛ ಮಾಡಿ. ಜೆಟ್ಟಿಗೆ ತಂತಿ ಚುಚ್ಚಬೇಡಿ, ತೂತು ಹಿಗ್ಗುತ್ತದೆ.

ಮುಂದೆಂದಾದರೂ ಒಳಗಿನ ಒಲೆಯೂ ಮಂದವಾದರೆ ಅದು ಬೇರೆ ವಿಷಯ. ಸಿಲಿಂಡರ್ ವಾಲ್ವ್ ಗಬಕ್ಕನೆ ತೆರೆದಾಗ ಸೋರಿಕೆಯೆಂದು ತಿಳಿದು ಸುರಕ್ಷತಾ ಕವಾಟ ಹರಿವನ್ನು ತಡೆಯುತ್ತದೆ. ಎಲ್ಲ ಒಲೆ, ಹೀಟರ್ ಆರಿಸಿ, ವಾಲ್ವ್ ಮುಚ್ಚಿ, ಕೆಲವು ನಿಮಿಷ ಬಿಟ್ಟು ಮೆಲ್ಲಗೆ ತೆರೆಯಿರಿ.

ಯಾವ ಜೋಡಣೆ ಬಿಚ್ಚಿದ್ದರೂ ಒಲೆ ಹಚ್ಚುವ ಮುಂಚೆ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಸಿಲಿಂಡರ್ ಮುಚ್ಚಿ ಆ ಜೋಡಣೆಯನ್ನು ಮತ್ತೆ ಬಿಗಿ ಮಾಡಿ.